ಟೈಲರ್ ಲೆಕ್ಕದ ಗುರುವಾರ

ಆ ಬೀದಿಯ ಟೈಲರ್ ಕೈ ಬಂಗಾರ, ಬಾಯಿ ಮಾತ್ರ ಬರೀ ‘ನಾಳೆ ಬನ್ನಿ’. ಗಿರಾಕಿಗಳೇನು ಕಮ್ಮಿಯೇ? ಭಾನುವಾರಕ್ಕೆ ಬೇಕಾದ ಬಟ್ಟೆ ಶುಕ್ರವಾರಕ್ಕೇ ಬೇಕು ಎನ್ನುತ್ತಿದ್ದರು. ಅದು ಗೊತ್ತಿದ್ದ ಟೈಲರ್ ಎರಡು ದಿನ ಸೇರಿಸಿಕೊಂಡೇ ಕತ್ತರಿ ಹಿಡಿಯುತ್ತಿದ್ದ.

ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತ ಒಳನಾಡಿಗೂ ಮಳೆ ಸುರಿಸಲಿದೆ, ಗುರುವಾರ ಹೊಳೆ ಉಕ್ಕಲಿದೆ ಎಂದು ರೇಡಿಯೋ ಹೇಳಿತು. ಬೀದಿಯವರು ಮರಳು ತಂದು ರಾಶಿ ಹಾಕಿದರು, ದಪ್ಪ ಬಟ್ಟೆಯ ಥಾನು ತಂದು ಟೈಲರ್ ಮುಂದೆ ಇಟ್ಟರು. ಹೊಸ್ತಿಲಿಗೊಂದು ಮರಳಿನ ಚೀಲ ಆಗಬೇಕು.

“ನಾನಿದ್ದೀನಲ್ಲ, ಬುಧವಾರ ಸಂಜೆಗೆ ಕೊಡಿಸ್ತೀನಿ” ಎಂದು ಮಾತು ಕೊಟ್ಟಿದ್ದು ಟೈಲರ್ ಹೆಂಡತಿ. ಅವಳ ಮನೆ, ಅಂಗಡಿ ಎರಡೂ ಬೀದಿಯ ತಗ್ಗಿನ ತುದಿಯಲ್ಲಿ. ನೀರು ಬಂದರೆ ಮೊದಲು ಮುಳುಗುವುದು ಅವಳ ಮನೆ, ಹಿಂದೆಯೇ ಅವಳ ಮಾನ.

ಬುಧವಾರ ಸಂಜೆ ಅವಳು ಅಂಗಡಿಗೆ ಬಂದು ನೋಡಿದರೆ ಆಗಿದ್ದದ್ದು ಒಂದೇ ಚೀಲ. ಗಂಡ ಅದರೊಳಗೆ ಲೈನಿಂಗ್ ಕೂರಿಸುತ್ತಿದ್ದ.

“ಏನ್ರೀ ಇದು! ಮರಳಿಗೆ ಲೈನಿಂಗಾ?”

“ಫಿನಿಶಿಂಗ್ ಬೇಡ್ವೇನೇ? ಟೈಮಿದೆ ಬಿಡು. ಗುರುವಾರ ಅಂದ್ರೆ ಶನಿವಾರ ಅಂತ ಅರ್ಥ.”

“ರೇಡಿಯೋದವ್ರೇನು ನಿಮ್ಮ ಗಿರಾಕಿಗಳೇನ್ರೀ?”

“ತಾರೀಖು ಹೇಳೋರೆಲ್ಲಾ ಒಂದೇ ಥರ ಕಣೇ.”

ಗುರುವಾರ ಬೆಳಿಗ್ಗೆ ಹೊಳೆ ಬಂದೇಬಿಟ್ಟಿತು. ಅವನ ಬದುಕಿನಲ್ಲಿ ಹೇಳಿದ ದಿನಕ್ಕೇ ಬಂದ ಮೊದಲ ಗಿರಾಕಿ ಅದು. ಬೀದಿಯವರೆಲ್ಲ ಅಂಗಡಿ ಮುಂದೆ ನೆರೆದರು. ಬ್ಯಾಂಕಿನ ಗುಮಾಸ್ತ ಛತ್ರಿಯೊಳಗಿಂದಲೇ ಕೂಗಿದ: “ಅಕ್ಕಾ, ಚೀಲ ಎಲ್ಲಿ?”

ಅಕ್ಕನ ಕಣ್ಣು ಗೋಡೆಯ ಮೊಳೆಗಳಿಗೆ ಹೋಯಿತು. ಅಲ್ಲಿ ಗುಂಡಿಯೊಂದು ಬಾಕಿ ಎಂದು ತಿಂಗಳುಗಟ್ಟಲೆ ನೇತುಬಿದ್ದ ಪ್ಯಾಂಟುಗಳ ಸಾಲು. ಬರಬರನೆ ಎಳೆದಳು.

“ಅಯ್ಯೋ, ಗಿರಾಕಿಗಳದ್ದು ಕಣೇ!”

“ಮುಳುಗೋ ಮನೆಗಳೂ ಗಿರಾಕಿಗಳದ್ದೇ! ಹಿಡೀರಿ ಈ ಕಾಲು!”

ಕಾಲಿನ ತುದಿಗೆ ಗಂಟು, ಒಳಗೆ ಮರಳು, ಸೊಂಟಕ್ಕೆ ಹಗ್ಗ. ಸ್ವಲ್ಪ ಹೊತ್ತಿನಲ್ಲೇ ಹೊಸ್ತಿಲು ಹೊಸ್ತಿಲಿಗೂ ತಲೆಯಿಲ್ಲದ ಕಾವಲುಗಾರರು ಕಾಲು ಚಾಚಿ ಬಿದ್ದುಕೊಂಡರು. ನೀರು ಹೊಸ್ತಿಲವರೆಗೆ ಏರಿ ಬಂತು, ಪ್ಯಾಂಟುಗಳನ್ನು ಮುಟ್ಟಿ ನೋಡಿತು, ಸಂಜೆಗೆ ಬಂದ ದಾರಿಗೆ ಸುಂಕವಿಲ್ಲ ಎಂದು ಇಳಿದುಹೋಯಿತು. ಒಬ್ಬರ ಮನೆಯೊಳಗೂ ಹನಿ ನುಗ್ಗಲಿಲ್ಲ. ಟೈಲರ್ ಹೆಂಡತಿ ಅಂದು ಮೊದಲ ಸಲ ಉಸಿರು ಬಿಟ್ಟಳು.

ಅಷ್ಟರಲ್ಲಿ ಗುಮಾಸ್ತ ಪಕ್ಕದ ಮನೆಯ ಹೊಸ್ತಿಲ ಮುಂದೆ ಬಗ್ಗಿ ನಿಂತಿದ್ದ. “ಅಣ್ಣಾ, ಇದು ನನ್ನ ಪ್ಯಾಂಟಲ್ವಾ? ಇಲ್ಲಿ ಏನು ಮಾಡ್ತಿದೆ?”

“ಡ್ಯೂಟಿ ಸ್ವಾಮಿ!” ಎಂದ ಟೈಲರ್. “ಒಗೆದು, ಇಸ್ತ್ರಿ ಮಾಡಿ ಸೋಮವಾರ ಕೊಡ್ತೀನಿ.”

ಒಳಗಿನಿಂದ ಹೆಂಡತಿಯ ದನಿ ಬಂತು: “ರೇಡಿಯೋ ಸೋಮವಾರಾನಾ, ನಿಮ್ಮ ಸೋಮವಾರಾನಾ?”