ಆಯಸ್ಸಿನ ಬಾಬ್ತು

ಡಾಕ್ಟರು ಸ್ಟೆತಾಸ್ಕೋಪನ್ನು ಎದೆಗೆ ಒತ್ತಿ, ಬೆನ್ನಿಗೆ ಒತ್ತಿ, ಮತ್ತೆ ಎದೆಗೇ ತಂದು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ಕತ್ತಿಗೆ ಹಾಕಿಕೊಂಡು, ಕುರ್ಚಿಗೆ ಒರಗಿ ನಕ್ಕರು.

"ನಿಮ್ಮ ಹೃದಯಕ್ಕೆ ನಿಮ್ಮ ವಯಸ್ಸೇ ಗೊತ್ತಿಲ್ಲ ಸಾರ್. ಬಿಪಿ ಮಾತ್ರೆ ಒಂದು ತಪ್ಪಿಸಬೇಡಿ, ಸಾಕು. ತೊಂಬತ್ತೈದಕ್ಕೆ ನಾನು ಗ್ಯಾರಂಟಿ."

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಮಡಿಲಲ್ಲಿದ್ದ ಚೀಲವನ್ನು ಎದೆಗವಚಿಕೊಂಡಳು. ಆಕೆಯ ಕಣ್ಣು ತುಂಬಿತ್ತು. ಅವರು ಮಾತ್ರ ತಲೆ ತಗ್ಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ಗುಂಡಿಯನ್ನು ಇನ್ನೊಂದರ ಕಾಜಕ್ಕೆ ಸಿಕ್ಕಿಸಿ, ಬಿಚ್ಚಿ, ಮತ್ತೆ ಅಲ್ಲಿಗೇ ಸಿಕ್ಕಿಸಿದರು. ತೊಂಬತ್ತೈದಕ್ಕೆ ಹತ್ತೊಂಬತ್ತು ವರ್ಷ ಬಾಕಿ. ಅವರಿಗಿನ್ನೂ ಎಪ್ಪತ್ತಾರು.

ಆ ವಸತಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕನ್ನಡಕದವರು ಎಂದೇ. ಬದುಕಿನುದ್ದಕ್ಕೂ ಒಂದು ಸಣ್ಣ ಕನ್ನಡಕದ ಅಂಗಡಿ ನಡೆಸಿದವರು. ಹೆಂಡತಿ ಗಲ್ಲಾಪೆಟ್ಟಿಗೆಯ ಹಿಂದೆ, ಅವರು ಗಾಜು ಉಜ್ಜುವ ಯಂತ್ರದ ಮುಂದೆ. ಮಕ್ಕಳಾಗಲಿಲ್ಲ. ಕೈ ನಡುಗತೊಡಗಿದಾಗ ಅಂಗಡಿ ಮಾರಿ, ವಯಸ್ಸಾದವರಿಗೆಂದೇ ಕಟ್ಟಿಸಿದ್ದ ಈ ವಸತಿಗೆ ಬಂದರು. ಇಲ್ಲಿ ಊಟದ ಹಾಲ್ ಇತ್ತು, ಡಾಕ್ಟರಿದ್ದರು, ರಾತ್ರಿ ಗಂಟೆ ಒತ್ತಿದರೆ ಬರುವ ನರ್ಸ್ ಇದ್ದಳು. ಸೇರುವಾಗ ಒಂದು ದೊಡ್ಡ ಠೇವಣಿ ಕಟ್ಟಬೇಕು, ಆಮೇಲೆ ತಿಂಗಳು ತಿಂಗಳು ಖರ್ಚಿನ ಹಣ. ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟಿದ್ದರು. ಬಡ್ಡಿ ಸಾಲದೆ ಬಂದಾಗ ಅಸಲಿನಿಂದ ಒಂದಿಷ್ಟು ಕಿತ್ತು ತುಂಬಿಸುತ್ತಿದ್ದರು.

ಆ ಏರ್ಪಾಡಿನಲ್ಲಿ ಹೆಂಡತಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅವರ ಮನೆತನದ ಗಂಡಸರೆಲ್ಲ ಅವಸರದವರು. ಅಪ್ಪ ಅರವತ್ತು ಮುಟ್ಟಲಿಲ್ಲ. ಚಿಕ್ಕಪ್ಪ, ಅಣ್ಣ, ಎಲ್ಲರೂ ಎಪ್ಪತ್ತರ ಈಚೆಗೇ ಎದೆ ಹಿಡಿದುಕೊಂಡು ಹೋದವರು. ಹಾಗಾಗಿ ಇಲ್ಲಿಗೆ ಸೇರುವಾಗ ಅವರು ತಮಗೆ ಎಪ್ಪತ್ತೈದರ ತನಕ ಗಡುವು ಕೊಟ್ಟುಕೊಂಡಿದ್ದರು, ಅದೂ ಧಾರಾಳವಾಯಿತು ಅಂದುಕೊಂಡು. ಅಲ್ಲಿಂದ ಮುಂದೆ ಒಬ್ಬಳದೇ ಖರ್ಚು ಎಂದು ಹಿಡಿದರೆ ಹಣ ಸರಾಗವಾಗಿ ಸಾಗುತ್ತಿತ್ತು. ಆ ಧೈರ್ಯದ ಮೇಲೆಯೇ ಹೊಸ ಕಟ್ಟಡದಲ್ಲಿ ಬಾಲ್ಕನಿ ಇರುವ ಎರಡು ಕೋಣೆಯ ಮನೆ ಹಿಡಿದಿದ್ದರು. ಆಕೆಗೆ ಗಿಡಗಳೆಂದರೆ ಪ್ರಾಣ. ತಮ್ಮ ಸಾವನ್ನು ಅವರು ಒಂದು ಉಳಿತಾಯದ ಬಾಬ್ತಾಗಿ ಹಿಡಿದಿದ್ದರು, ಅಷ್ಟೇ. ಅದರಲ್ಲಿ ದುಃಖಪಡುವಂಥದ್ದೇನೂ ಆಗ ಅವರಿಗೆ ಕಂಡಿರಲಿಲ್ಲ.

ಮಧ್ಯಾಹ್ನ ಊಟದ ಹಾಲ್‌ನಲ್ಲಿ ಹೆಂಡತಿಯ ಬಾಯಿಗೆ ಬಿಡುವೇ ಇರಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ಡಾಕ್ಟರು ಹೇಳಿದ್ದನ್ನು ಹೇಳಿದಳು. ಯಾರೋ ಒಬ್ಬರು, ಹಾಗಾದರೆ ಕನ್ನಡಕದವರು ನಮ್ಮನ್ನೆಲ್ಲ ಸಾಲಾಗಿ ಕಳಿಸಿಕೊಟ್ಟು, ದೀಪ ಆರಿಸಿ, ಗೇಟು ಹಾಕಿಕೊಂಡೇ ಬರುತ್ತಾರೆ ಅಂದರು. ಹಾಲೆಲ್ಲ ನಕ್ಕಿತು. ಅವರೂ ನಕ್ಕರು. ನಗುತ್ತಲೇ ಎದುರಿನ ಗೋಡೆ ನೋಡಿದರು. ಅಲ್ಲಿ ಬೆಳಗ್ಗೆ ತಾನೇ ಒಂದು ನೋಟೀಸು ಅಂಟಿಸಿದ್ದರು. ದಿನಸಿ, ಕರೆಂಟು, ನರ್ಸುಗಳ ಸಂಬಳ ಎಲ್ಲ ಏರಿದ್ದರಿಂದ ಬರುವ ತಿಂಗಳಿಂದ ತಿಂಗಳ ಖರ್ಚು ಐದನೇ ಒಂದು ಪಾಲು ಹೆಚ್ಚಾಗುತ್ತದೆ, ಸಹಕರಿಸಬೇಕು ಎಂದು ಮ್ಯಾನೇಜರ್ ಬರೆದಿದ್ದರು. ಉಣ್ಣುತ್ತಿದ್ದವರು ಅದನ್ನು ಓದಿದ್ದರೂ ಓದದವರ ಹಾಗೆ ತಟ್ಟೆ ನೋಡಿಕೊಂಡಿದ್ದರು.

ಹೆಂಡತಿ ಒರಗಿದ ಮೇಲೆ ಅವರು ಬಾಲ್ಕನಿಯಲ್ಲಿ ಕೂತು ಲೆಕ್ಕ ಹಾಕಿದರು. ಇಬ್ಬರೂ ಇದ್ದರೆ ಹಣ ನಾಲ್ಕೈದು ವರ್ಷಕ್ಕೆ ತಳ ಕಾಣುತ್ತದೆ. ಆಕೆ ಒಬ್ಬಳೇ ಆದರೆ, ಹಿತಮಿತವಾಗಿ ನಡೆದರೆ, ಬಹುಶಃ ಕೊನೆಯ ತನಕ. ಎಲ್ಲಿಯಾದರೂ ತಪ್ಪಿರಬಹುದೆಂಬ ಆಸೆಯಿಂದ ಮತ್ತೊಮ್ಮೆ ಕೂಡಿದರು. ತಪ್ಪಿರಲಿಲ್ಲ.

ಹಣ ಮುಗಿದವರಿಗೆ ಏನಾಗುತ್ತದೆ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಆ ವಾರವೇ ಅವರ ಕಣ್ಣಿಗೆ ಬಿತ್ತು. ಹಿಂದಿನ ಹಳೆಯ ಕಟ್ಟಡದಲ್ಲಿ ಒಬ್ಬ ಪಿಟೀಲು ಮೇಷ್ಟರಿದ್ದರು. ಮದುವೆಯಾಗದೆ, ಮಕ್ಕಳಿಗೆ ಪಾಠ ಹೇಳಿಯೇ ಆಯಸ್ಸು ಕಳೆದ ಮನುಷ್ಯ. ಒಂದು ಬೆಳಗ್ಗೆ ಗೇಟಿನ ಹತ್ತಿರದ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಎರಡು ಸೂಟ್‌ಕೇಸು, ಹಗ್ಗ ಕಟ್ಟಿದ ಹಾಸಿಗೆ. ಸೋದರಳಿಯ ಬಾ ಬಾ ಅಂತ ಪ್ರಾಣ ತಿಂತಿದ್ದಾನೆ, ನಾಲ್ಕು ದಿನ ಇದ್ದು ಬರುತ್ತೇನೆ ಎಂದರು. ಅಷ್ಟರಲ್ಲಿ ವ್ಯಾನು ಬಂತು. ಇಳಿದ ಅಳಿಯನಿಗೂ ತಲೆ ನರೆತಿತ್ತು. ಅವನು ಮಾವನ ಮುಖ ನೋಡಲಿಲ್ಲ. ಹಾಸಿಗೆಯನ್ನು ಎತ್ತಿ ನೋಡಿ, ಇದೂ ಬೇಕಾ, ಮನೇಲಿ ಜಾಗ ಎಲ್ಲಿದೆ ಎಂದಷ್ಟೇ ಕೇಳಿದ. ಮೇಷ್ಟರು ಬೇಡಪ್ಪ, ಬೇಡ ಅಂದರು. ವ್ಯಾನು ಹೋದ ಮೇಲೂ ಆ ಹಾಸಿಗೆ ಸಂಜೆಯವರೆಗೆ ಗೇಟಿನ ಬಳಿಯೇ ಬಿದ್ದಿತ್ತು.

ತಮಗೆ ಅಂಥ ಅಳಿಯನೂ ಇಲ್ಲವಲ್ಲ ಎಂಬುದು ಕನ್ನಡಕದವರಿಗೆ ಮೆಟ್ಟಿಲು ಹತ್ತುವಾಗ ಹೊಳೆಯಿತು. ಹೆದರಿದ್ದು ತಮಗಾಗಿ ಅಲ್ಲ. ಇನ್ನು ನಾಲ್ಕೈದು ವರ್ಷಕ್ಕೆ ಹೆಂಡತಿ ಆ ಬೆಂಚಿನ ಮೇಲೆ, ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ತಲೆ ಬಾಚಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

ಅವತ್ತಿನಿಂದ ಅವರು ಕೈ ಬಿಗಿ ಮಾಡಿದರು. ಪೇಪರು ನಿಲ್ಲಿಸಿ, ಲೈಬ್ರರಿಯಲ್ಲೇ ಓದುತ್ತೇನೆ, ನಡೆದ ಹಾಗೂ ಆಯಿತು ಎಂದರು. ಸಂಜೆಯ ಕಾಫಿಯಿಂದ ಹುಳಿತೇಗು ಬರುತ್ತದೆಂದು ಬಿಟ್ಟರು. ರಾತ್ರಿ ಊಟವನ್ನು ಹಾಲ್‌ನ ಲೆಕ್ಕದಿಂದ ತೆಗೆಸಿಹಾಕಿ, ಹೊಟ್ಟೆ ಹಗುರವಾಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ ಅಂದರು. ಹೆಂಡತಿ ಹಣ್ಣು ಸುಲಿದು ಕೊಟ್ಟರೆ ಅರ್ಧ ತಿಂದು, ಅರ್ಧ ಆಕೆಗೇ ತಿನ್ನಿಸುತ್ತಿದ್ದರು. ಡಾಕ್ಟರ ಮಾತು ಕೇಳಿ ಮನುಷ್ಯನಿಗೆ ಬದುಕುವ ಹುರುಪು ಬಂದಿದೆ, ಪಥ್ಯ ಹಿಡಿದಿದ್ದಾರೆ ಎಂದು ಆಕೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಅವರ ಕಿವಿಗೂ ಬಿತ್ತು.

ಆಮೇಲೆ ಒಂದು ದಿನ ಬಿಪಿ ಮಾತ್ರೆಯನ್ನು ಎರಡು ಹೋಳು ಮಾಡಿದರು. ಅಂಗಡಿಯಿಂದ ತಂದುಕೊಂಡಿದ್ದ ಸಣ್ಣ ಬ್ಲೇಡು ಅದಕ್ಕೆ ಸರಿಯಾಗಿತ್ತು. ಅರ್ಧ ನುಂಗಿ ಅರ್ಧವನ್ನು ಷೇವಿಂಗ್ ಡಬ್ಬಿಯಲ್ಲಿ ಹಾಕಿದರು. ಇದೂ ಒಂದು ಉಳಿತಾಯವೇ ಎಂದು ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಒಪ್ಪಿಕೊಂಡ ಹಾಗೆ ಸುಮ್ಮನಾಯಿತು. ಆದರೆ ಆ ಡಬ್ಬಿಯನ್ನು ಶೆಲ್ಫಿನ ಹಿಂಭಾಗಕ್ಕೆ ತಳ್ಳುವಾಗ ಅವರ ಕೈ, ಯಾರದೋ ಜೇಬಿಗೆ ಇಳಿದ ಕೈಯ ಹಾಗೆ, ಬೆವೆತಿತ್ತು. ಕೆಲವು ದಿನ ಕಳೆದ ಮೇಲೆ ಅರ್ಧವನ್ನೂ ನುಂಗುವುದು ಬಿಟ್ಟರು.

ಅದು ಬಹಳ ದಿನ ನಡೆಯಲಿಲ್ಲ. ಲೈಬ್ರರಿಯಿಂದ ಬರುವಾಗ ಮೊದಲ ಮಹಡಿಯ ತಿರುವಿನಲ್ಲಿ ಗೋಡೆ ತಿರುಗಿದ ಹಾಗಾಯಿತು. ಕಂಬಿ ಹಿಡಿಯಲು ಚಾಚಿದ ಕೈಗೆ ಏನೂ ಸಿಗಲಿಲ್ಲ. ಬೀಳುವ ಆ ಗಳಿಗೆಯಲ್ಲಿ, ಆಯಿತು, ಲೆಕ್ಕ ಸರಿಹೋಯಿತು ಎಂಬ ಸಮಾಧಾನ ಬರಬೇಕಾಗಿತ್ತು. ಬಂದದ್ದು ಪ್ರಾಣಭಯ. ಎಂದೂ ಕೂಗದ ಮನುಷ್ಯ ಹೆಂಡತಿಯನ್ನು ಕೂಗಿದರು. ಮದುವೆಯಾದ ಹೊಸದರಲ್ಲಿ ಇಟ್ಟ ಹೆಸರು, ಗುಬ್ಬಿ ಎಂಬುದು, ಮೆಟ್ಟಿಲ ಮೇಲೆ ಕೆಳಗೆ ಎಲ್ಲ ಮೊಳಗಿತು.

ಮೂಳೆ ಮುರಿದಿರಲಿಲ್ಲ. ಹುಬ್ಬಿನ ಮೇಲೆ ಹೊಲಿಗೆ ಬಿತ್ತು, ಮೊಣಕೈ ಊದಿತು. ಡಾಕ್ಟರು ರಕ್ತದೊತ್ತಡ ನೋಡಿ, ಪಟ್ಟಿಯನ್ನು ಬಿಚ್ಚಿ, ಇನ್ನೊಂದು ಕೈಗೆ ಸುತ್ತಿ ಮತ್ತೆ ನೋಡಿದರು. ಮಾತ್ರೆ ತಪ್ಪಿಸಿಲ್ಲ ತಾನೇ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದು ಹೆಂಡತಿಯೇ ಗಟ್ಟಿಯಾಗಿ ಹೇಳಿದಳು. ಡಾಕ್ಟರು ಆಕೆಯನ್ನು ನೋಡಲಿಲ್ಲ, ಅವರನ್ನು ನೋಡಿದರು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹೆಂಡತಿ ಅದನ್ನು ಗಮನಿಸಿದಳು.

ಮನೆಗೆ ಕರೆತಂದು ಮಲಗಿಸಿ, ಆಕೆ ಬೀರು ಹುಡುಕಿದಳು, ದಿಂಬಿನ ಚೀಲ ಹುಡುಕಿದಳು, ಬಚ್ಚಲಿಗೆ ಹೋದಳು. ಡಬ್ಬಿಯ ಮುಚ್ಚಳ ತೆರೆದ ಸದ್ದು ಮಲಗಿದ್ದ ಅವರಿಗೆ ಕೇಳಿಸಿತು. ಆಮೇಲೆ ಆಕೆ ಬಂದು ಮಂಚದ ಅಂಚಿನಲ್ಲಿ ಕೂತಳು. ಅಂಗೈಯಲ್ಲಿ ಬಿಳಿಯ ಹೋಳುಗಳಿದ್ದವು, ಇಡಿಯ ಮಾತ್ರೆಗಳೂ ಇದ್ದವು.

"ಇದ್ರಿಂದ ತಿಂಗಳಿಗೆ ಎಷ್ಟು ಉಳಿಯುತ್ತೆ?" ಎಂದಳು. "ಗಲ್ಲಾದಲ್ಲಿ ಕೂತಿದ್ದವಳು ನಾನು. ಎರಡು ಕಾಫಿ ದುಡ್ಡೂ ಉಳಿಯಲ್ಲ. ನೀವು ಉಳಿಸೋಕೆ ಹೊರಟಿದ್ದು ಮಾತ್ರೆ ದುಡ್ಡಲ್ಲ."

ಅವರು ಎಲ್ಲವನ್ನೂ ಹೇಳಿದರು. ಅಪ್ಪನಿಂದ ಶುರುಮಾಡಿ, ಎಪ್ಪತ್ತೈದರ ಗಡುವು, ಬ್ಯಾಂಕಿನಲ್ಲಿ ಉಳಿದಿರುವುದು, ಗೇಟಿನ ಬಳಿ ಬಿದ್ದಿದ್ದ ಹಾಸಿಗೆ, ಎಲ್ಲ. ಹೇಳುತ್ತ ಹೇಳುತ್ತ ಅವರ ಸ್ವರಕ್ಕೆ ಅಂಗಡಿಯಲ್ಲಿ ಗಿರಾಕಿಗೆ ಗಾಜಿನ ನಂಬರು ವಿವರಿಸುವಾಗಿನ ನಿಧಾನ ಬಂತು. ತಾವಿಲ್ಲದಿದ್ದರೆ ಆಕೆಗೆ ಏನೂ ತೊಂದರೆಯಿಲ್ಲ, ಬಾಲ್ಕನಿಯ ಮನೆಯನ್ನೂ ಬಿಡಬೇಕಾಗಿಲ್ಲ ಎಂದು ಬಿಡಿಸಿ ಹೇಳಿದರು. ಮುಗಿದ ಮೇಲೆ ಆಕೆ ಅಂಗೈಯಲ್ಲಿದ್ದುದನ್ನು ನೋಡುತ್ತಲೇ ಕೇಳಿದಳು.

"ನಾನು ಮೊದಲು ಹೋದ್ರೆ?"

"ಏನು?"

"ನೀವು ಹೋದ್ರೆ ನಾನು ಹೇಗಿರ್ತೀನಿ ಅಂತ ಲೆಕ್ಕ ಹಾಕಿದ್ದೀರಿ. ನಾನು ಹೋದ್ರೆ ನೀವು ಹೇಗಿರ್ತೀರಿ? ಆ ಲೆಕ್ಕ ಎಲ್ಲಿದೆ?"

ಆಕೆ ಅವರಿಗಿಂತ ಐದು ವರ್ಷ ಚಿಕ್ಕವಳು. ಕಾಯಿಲೆ ಕಸಾಲೆ ಅಂತ ಮಲಗಿದವಳಲ್ಲ. ಇಷ್ಟು ವರ್ಷ ಕೂಡಿ ಕಳೆದ ಲೆಕ್ಕದಲ್ಲಿ ಅದಕ್ಕೊಂದು ಸಾಲನ್ನೇ ಅವರು ಬಿಟ್ಟಿರಲಿಲ್ಲ. ಈಗ ಹುಡುಕಿದರೂ ಅಲ್ಲಿ ಅಂಕಿಗಳಿರಲಿಲ್ಲ, ಬರೀ ಬಯಲು. ಅದರ ಮುಂದೆ, ಇಷ್ಟು ದಿನ ಎದೆ ನಡುಗಿಸುತ್ತಿದ್ದ ದುಡ್ಡಿನ ಭಯ ಕೈಗೆ ಸಿಗುವಂಥ, ಮಡಿಚಿ ಜೇಬಿನಲ್ಲಿಡಬಹುದಾದ ಸಣ್ಣ ಭಯದ ಹಾಗೆ ಕಂಡಿತು.

"ಹಾಗೆಲ್ಲ ಮಾತಾಡಬೇಡ್ವೇ," ಎಂದರು.

"ನೀವು ಮಾಡಬಹುದು, ನಾನು ಮಾತೂ ಆಡಬಾರದು," ಎಂದಳು ಆಕೆ. ಒಂದು ಇಡಿಯ ಮಾತ್ರೆಯನ್ನು ಆರಿಸಿ, ನೀರಿನ ಲೋಟ ಹಿಡಿದು, ಅವರು ನುಂಗಿ ಬಾಯಿ ತೆರೆದು ತೋರಿಸುವ ತನಕ ಎದ್ದೇಳಲಿಲ್ಲ.

ಮರುದಿನ ಆಕೆಯೇ ಮ್ಯಾನೇಜರ ಕೋಣೆಗೆ ಹೋದಳು. ಗಂಡನನ್ನು ಜೊತೆಗೆ ಕರೆಯಲಿಲ್ಲ. ಅಂಗಡಿಯ ಕಾಲದಲ್ಲಿ ಸಗಟು ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಗೆದ್ದು ಬಂದಾಗಿನ ಮುಖ ಹೊತ್ತುಕೊಂಡು ಬಂದಳು. ಬಾಲ್ಕನಿಯ ಮನೆ ಬಿಟ್ಟು ಹಳೆಯ ಕಟ್ಟಡದ ಒಂದೇ ಕೋಣೆಗೆ ಹೋಗುವುದು. ಠೇವಣಿಯ ವ್ಯತ್ಯಾಸ ಕೈಗೆ ಬರುತ್ತದೆ. ತಿಂಗಳ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಇಬ್ಬರೂ ತೊಂಬತ್ತೈದಕ್ಕೆ ಹೋಗುವಷ್ಟು ಆಗಲಿಕ್ಕಿಲ್ಲ, ಆದರೆ ತಳ ಕಾಣುವುದು ದೂರ ಹೋಗುತ್ತದೆ. ನಿಮ್ಮ ರಾತ್ರಿಯ ಊಟ ಮತ್ತೆ ಹಾಕಿಸಿದ್ದೇನೆ, ಮಾತಿಲ್ಲ ಎಂದಳು.

ಖಾಲಿ ಇದ್ದದ್ದು ಪಿಟೀಲು ಮೇಷ್ಟರ ಕೋಣೆ. ಕನ್ನಡಕದವರಿಗೆ ಒಳಗೆ ಕಾಲಿಡಲು ಮನಸ್ಸು ಬರಲಿಲ್ಲ. ಗೋಡೆಯ ಮೇಲೆ ಪಿಟೀಲು ತೂಗುತ್ತಿದ್ದ ಮೊಳೆ ಹಾಗೇ ಇತ್ತು, ಅದರ ಕೆಳಗೆ ಸುಣ್ಣ ಸವೆದ ಗುರುತಿತ್ತು. ಹೆಂಡತಿ ನೇರವಾಗಿ ಹೋಗಿ ತನ್ನ ಚೀಲವನ್ನು ಆ ಮೊಳೆಗೆ ನೇತುಹಾಕಿ, ಗಟ್ಟಿಯಾಗಿದೆ ಎಂದಳು. ಗಿಡಗಳಲ್ಲಿ ಮೂರನ್ನು ಮಾತ್ರ ತರಲು ಸಾಧ್ಯವಾಯಿತು. ಮಿಕ್ಕವನ್ನು ಹಂಚುವಾಗ ಒಬ್ಬೊಬ್ಬರಿಗೂ ಎಷ್ಟು ನೀರು, ಎಷ್ಟು ಬಿಸಿಲು ಎಂದು ಹೇಳಿ ಹೇಳಿ ಆಕೆಯ ಗಂಟಲು ಕಟ್ಟಿತು. ಗಂಟಲು ಕಟ್ಟಿದ್ದು ಅದಕ್ಕೇ ಎಂದು ಆಕೆ ಹೇಳಿದಳು, ಅವರು ನಂಬಿದವರ ಹಾಗೆ ತಲೆಯಾಡಿಸಿದರು.

ಕೋಣೆಯ ಕೆಳಗೇ ವಸತಿಯ ಬಟ್ಟೆ ಒಗೆಯುವ ಯಂತ್ರಗಳಿದ್ದವು. ಹಗಲೆಲ್ಲ ನೆಲ ಸಣ್ಣಗೆ ಅದುರುತ್ತಿತ್ತು. ಜಾಗ ಸಾಲದೆ ಎರಡು ಮಂಚಗಳನ್ನು ಕೂಡಿಸಿ ಹಾಕಿದ್ದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಆಕೆ ಗೋಡೆಯ ಕಡೆ ಮಲಗಿದಳು, ಅವರು ಪಕ್ಕದಲ್ಲಿ ಕಾಲು ಚಾಚಿ ಹಳೆಯ ಪೇಪರು ಹಿಡಿದುಕೊಂಡಿದ್ದರು. ಕೆಳಗಿನ ಯಂತ್ರಗಳು ಇದ್ದಕ್ಕಿದ್ದ ಹಾಗೆ ನಿಂತವು, ಕರೆಂಟು ಹೋಗಿರಬೇಕು. ಮೇಲಿನ ಫ್ಯಾನೂ ನಿಧಾನವಾಗಿ ನಿಂತಿತು. ಆ ನಿಶ್ಶಬ್ದದಲ್ಲಿ ಅವರು ಕಿವಿಗೊಟ್ಟರು. ಹೆಂಡತಿಯ ಉಸಿರು ಕೇಳಿಸಲಿಲ್ಲ.

ಪೇಪರು ಸರಿಸಿ ಬಗ್ಗಿದರು. ಸೆರಗಿನಡಿಯಲ್ಲಿ ಎದೆ ಏರಿಳಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಮುಟ್ಟಿ ಎಬ್ಬಿಸಲು ಕೈ ಚಾಚಿದರು. ಎಬ್ಬಿಸಿ, ಏಳದಿದ್ದರೆ? ಕೈ ಅಲ್ಲೇ ನಿಂತಿತು. ಕೊನೆಗೆ ತಮ್ಮ ಕನ್ನಡಕ ತೆಗೆದು, ಅದರ ಒಂದು ಗಾಜನ್ನು ಆಕೆಯ ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡರು. ಗಾಜಿನ ಮೇಲೆ ಏನಾಗುತ್ತಿದೆ ಎಂದು ಬರಿಗಣ್ಣಿಗೆ ಕಾಣುವ ಹಾಗಿರಲಿಲ್ಲ. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ತೆಗೆದು, ಮೂಗಿಗೇರಿಸಿಕೊಂಡರು.

ಒಂದು ಕಣ್ಣಿಗೆ ಕೋಣೆ ಎಂದಿನಂತೆ ಕಂಡಿತು. ಇನ್ನೊಂದಕ್ಕೆ ಎಲ್ಲವೂ ಮಂಜು. ಅವರು ಒರೆಸಿಕೊಳ್ಳದೆ, ಆ ಮಂಜು ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗುವುದನ್ನು ನೋಡುತ್ತ, ಅಲ್ಲಾಡದೆ ಕೂತರು.