ಮೀಸೆಯಣ್ಣನ ಚೀಲದಲ್ಲಿದ್ದ ಕವಚ

ಮೀಸೆಯಣ್ಣ ಮತ್ತೆ ಸತ್ತಿದ್ದ. ಈ ವಾರದಲ್ಲಿ ಇದು ನಾಲ್ಕನೇ ಸಲ, ಅದೂ ಅದೇ ಗುಹೆಯ ಅದೇ ಬಾಗಿಲಲ್ಲಿ. ಮಧ್ಯಾಹ್ನದ ಊಟ ಮುಗಿಸಿ, ಹೊಲಿಗೆ ಮಷೀನಿಗೆ ಅರ್ಧ ಗಂಟೆ ರಜೆ ಕೊಟ್ಟು ಟೀವಿ ಹಾಕಿದ ಹೆಂಡತಿಗೆ ಮೊದಲು ಕಂಡದ್ದೇ ನೆಲಕ್ಕೆ ಕವುಚಿ ಬಿದ್ದಿದ್ದ ಅವನ ಬೆನ್ನು.

ಮೀಸೆಯಣ್ಣ ಎಂದರೆ ನೆಂಟನಲ್ಲ, ಆಟದೊಳಗಿನ ವೀರ. ಮದುವೆಯಾಗಿ ಹೋದ ಮಗಳು ತನ್ನ ವಿಡಿಯೋ ಗೇಮನ್ನು ಇಲ್ಲೇ ಬಿಟ್ಟುಹೋಗಿದ್ದಳು. ಅಪ್ಪನಿಗೆ ಜನ್ಮದಲ್ಲಿ ಸರಿಯಾದ ಮೀಸೆ ಬರಲಿಲ್ಲವೆಂದು ತಮಾಷೆಗೆ ವೀರನಿಗೆ ಹಿಡಿ ಹಿಡಿ ಮೀಸೆ ಇಟ್ಟವಳೂ ಅವಳೇ. ಈಗ ಅವನನ್ನು ಗಂಡ ಹೆಂಡತಿ ಪಾಳಿಯ ಮೇಲೆ ಆಡಿಸುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗಂಡ, ಮಧ್ಯಾಹ್ನ ಹೆಂಡತಿ. ಅವನು ಸಾಯಿಸಿಟ್ಟು ಹೋಗುತ್ತಾನೆ, ಇವಳು ಎಬ್ಬಿಸಿ ನಡೆಸುತ್ತಾಳೆ. ಹೊಡೆದಾಟ ಇಬ್ಬರದಾದರೂ ಸಾಮಾನು ಸರಂಜಾಮು ನೋಡಿಕೊಳ್ಳುವುದು ಗಂಡನ ಕೆಲಸ, ಹಾಗಾಗಿ ವೀರನ ಹೆಗಲ ಚೀಲವನ್ನು ಅವಳು ಇಲ್ಲಿಯವರೆಗೆ ಬಿಚ್ಚಿ ನೋಡಿದವಳೇ ಅಲ್ಲ.

ಇವತ್ತು ಬಿಚ್ಚಿದಳು. ನಾಲ್ಕು ಸಲ ಸತ್ತವನಿಗೆ ಏನು ದಾಡಿ ಎಂದು ನೋಡಬೇಕಿತ್ತು.

ಮೀಸೆಯಣ್ಣನ ಮೈಮೇಲಿದ್ದದ್ದು ಆಟದ ಮೊದಲ ದಿನ ಸಿಕ್ಕಿದ ಚರ್ಮದ ಅಂಗಿ. ಅಲ್ಲಲ್ಲಿ ಹರಿದು, ತೇಪೆ ಬಿದ್ದು, ಗುಬ್ಬಿ ಕುಕ್ಕಿದರೂ ತೂತಾಗುವಂತಿತ್ತು. ಚೀಲದೊಳಗೆ ನೋಡಿದರೆ ಬೆಂಕಿ ತಾಗದ ಮಾಯಾಕವಚ ಹೊಚ್ಚ ಹೊಸದಾಗಿ ಕೂತಿತ್ತು. ಪಕ್ಕದಲ್ಲಿ ವಿಷ ತಡೆಯುವ ತಾಯಿತ. ಅದರ ಪಕ್ಕದಲ್ಲಿ ಗಂಡಾಂತರದ ಉಂಗುರ, ತೊಟ್ಟವನಿಗೆ ಬೀಳುವ ಪ್ರಾಣಾಂತಿಕ ಪೆಟ್ಟನ್ನು ಒಂದೇ ಒಂದು ಸಲ ತಾನು ತಿಂದು ಒಡೆದುಹೋಗುವಂಥದ್ದು. ಮೂರನ್ನೂ ಒಂದು ದಿನವಾದರೂ ತೊಟ್ಟಿರಲಿಲ್ಲ.

ಹೆಂಡತಿಗೆ ಮೊದಲು ನಗು ಬಂತು. ಗಂಡನ ಬುದ್ಧಿ ಆಟದೊಳಗೂ ಹೋಗಿ ಕೂತಿದೆಯಲ್ಲ ಎಂದುಕೊಂಡಳು. ಹೊಸ ಷರಟು ಬೀರುವಿಗೆ, ಹೊಸ ಕೊಡೆ ಅಟ್ಟಕ್ಕೆ, ಹೊಸ ಚಪ್ಪಲಿ ಡಬ್ಬಕ್ಕೆ. ಕೇಳಿದರೆ ಒಂದೇ ಉತ್ತರ, "ಈಗ್ಲೇ ಯಾಕೆ, ಹಾಳಾಗುತ್ತೆ." ಹೀಗೆ ನಗುತ್ತಾ ನಗುತ್ತಾ ಅವಳಿಗೆ ಇನ್ನೊಂದು ಹೊಸ ವಸ್ತು ನೆನಪಾಯಿತು, ನಗು ಅಲ್ಲಿಗೇ ನಿಂತಿತು.

ಗಂಡ ಎತ್ತರದ ಕಟ್ಟಡಗಳ ಗಾಜು ಒರೆಸುವವನು. ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಸೋಪಿನ ನೀರಿನ ಬಕೆಟ್ಟನ್ನು ಪಕ್ಕಕ್ಕೆ ನೇತುಹಾಕಿಕೊಂಡು ಮಹಡಿ ಮಹಡಿ ಇಳಿಯುವ ಕೆಲಸ. ಹಲಗೆ ಕೈಕೊಟ್ಟರೆ ಹಿಡಿಯಲು ಸೊಂಟಕ್ಕೆ ಸೇಫ್ಟಿ ಬೆಲ್ಟು, ಬೆಲ್ಟಿನಿಂದ ಇನ್ನೊಂದು ಹಗ್ಗಕ್ಕೆ ಒಂದು ಪಟ್ಟಿ. ಕಂಪನಿಯವರು ಎಲ್ಲರಿಗೂ ಹೊಸ ಬೆಲ್ಟು ಕೊಟ್ಟು ಎರಡು ತಿಂಗಳಾಗಿತ್ತು. ಮನೆಗೆ ತಂದ ದಿನ ಮಗುವನ್ನು ಎತ್ತಿಕೊಂಡವನ ಹಾಗೆ ಎತ್ತಿಕೊಂಡು ತೋರಿಸಿದ್ದ.

ಅವಳು ಎದ್ದು ಬೀರು ತೆರೆದಳು. ಮೇಲಿನ ಖಾನೆಯಲ್ಲಿ, ನಾಲ್ಕು ವರ್ಷದ ಹಿಂದೆ ಗಂಡ ತಂದುಕೊಟ್ಟಿದ್ದ ಒಳ್ಳೆಯ ಕತ್ತರಿಯ ಡಬ್ಬ ಇತ್ತು. ಅದನ್ನು ಸರಿಸಿದರೆ ಹಿಂದೆ ಹಳೆಯ ದುಪ್ಪಟಿಯಲ್ಲಿ ಸುತ್ತಿಟ್ಟ ಗಂಟು. ಬಿಚ್ಚಿದಳು. ಹೊಸ ಬೆಲ್ಟು, ಚೀಟಿ ಸಮೇತ.

ಸರಿ, ಹಳೆಯದನ್ನೇ ಹಾಕಿಕೊಂಡು ಹೋಗುತ್ತಿದ್ದಾನೆ, ಸಂಜೆ ಬರಲಿ ಮಾಡಿಸುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಬೆರಳು ಬೆಲ್ಟಿನ ಪಟ್ಟಿಗೆ ತಾಗಿತು. ಮೂರು ಬೆರಳಗಲ, ಒತ್ತಾದ ನೇಯ್ಗೆ, ನಡುವೆ ಹಳದಿ ಗೆರೆ. ದಿನಕ್ಕೆ ಇಪ್ಪತ್ತು ಶಾಲೆ ಚೀಲ ಹೊಲಿಯುವ ಕೈ ಅವಳದು, ಒಮ್ಮೆ ಹಿಡಿದ ಪಟ್ಟಿಯನ್ನು ಮರೆಯುವುದಿಲ್ಲ. ಇಂಥದ್ದೇ ಪಟ್ಟಿಯನ್ನು ಅವಳು ಹೋದ ತಿಂಗಳು ಹೊಲಿದುಕೊಟ್ಟಿದ್ದಳು.

"ಬಕೆಟ್ ಕಟ್ಟೋ ಪಟ್ಟಿ ಕಣೇ, ಹರಿದಿದೆ, ಎರಡು ಹೊಲಿಗೆ ಹಾಕು" ಎಂದಿದ್ದ ಗಂಡ. ಕೊಕ್ಕೆ ಬಿಚ್ಚಿ ಬರೀ ಪಟ್ಟಿ ತಂದಿದ್ದ. ಅವತ್ತು ನೈಲಾನ್ ದಾರ ಮುಗಿದಿತ್ತು. ಹೆಸರಿನ ಚೀಟಿ ಹೊಲಿಯುವ ತೆಳ್ಳನೆಯ ನೀಲಿ ನೂಲಿನ ದಾರದಲ್ಲೇ ಎರಡು ಸಾಲು ಓಡಿಸಿ, ಬಕೆಟ್ಟಿಗೆ ಇಷ್ಟು ಸಾಕು ಎಂದು ಅವನ ಕೈಗೆ ಎಸೆದಿದ್ದಳು.

ಗಂಡನ ಜೀವ ಅವಳದೇ ದಾರದಲ್ಲಿ ನೇತಾಡುತ್ತಿತ್ತು, ಅದೂ ಚೀಟಿ ಹೊಲಿಯುವ ದಾರದಲ್ಲಿ.

ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮೇಲೆ ಹತ್ತುವಾಗ ಫೋನನ್ನು ಬೂಟಿನೊಳಗೆ ತುರುಕಿ ಕೆಳಗೇ ಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು, ಆದರೂ ಮತ್ತೆ ಮತ್ತೆ ಹಚ್ಚಿದಳು. ಮೇಸ್ತ್ರಿಯ ನಂಬರ್ ಬರೆದಿಟ್ಟುಕೋ ಎಂದು ಅವನು ಹತ್ತು ಸಲ ಹೇಳಿದ್ದ. ಬರೆದಿಟ್ಟುಕೊಂಡಿರಲಿಲ್ಲ. ಹೊಸ ಬೆಲ್ಟನ್ನು ಅರ್ಧ ಹೊಲಿದ ಶಾಲೆ ಚೀಲವೊಂದಕ್ಕೆ ತುರುಕಿ, ಸಿಕ್ಕ ಚಪ್ಪಲಿ ಮೆಟ್ಟಿ ಓಡಿದಳು.

ಬಸ್ಸಿಗೆ ಅವಸರ ಎನ್ನುವುದು ಗೊತ್ತಿಲ್ಲ. ಒಂದೊಂದು ನಿಲ್ದಾಣದಲ್ಲೂ ಅದು ಬಾಗಿಲು ತೆರೆದು, ಯಾರೂ ಹತ್ತದಿದ್ದರೂ ಮರ್ಯಾದೆಗೆಂಬಂತೆ ಕಾದು, ಮುಚ್ಚಿಕೊಂಡಿತು. ಕಿಟಕಿಯಾಚೆ ಮರದ ಕೊಂಬೆಗಳು ಅಲ್ಲಾಡುತ್ತಿದ್ದವು. ಗಾಳಿ ಎದ್ದರೆ ಹಲಗೆ ತೂಗುತ್ತದೆ. ನಾನೇ ಹೊಲಿದದ್ದಲ್ಲವೇ, ಹಿಂದೆ ಮುಂದೆ ಕೇಳದೆ ಹೊಲಿದದ್ದು ನಾನೇ ಅಲ್ಲವೇ ಎಂಬ ಒಂದೇ ಮಾತು ತಲೆಯೊಳಗೆ ಸುತ್ತಿ ಸುತ್ತಿ ಬರುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಅವಳ ಮಡಿಲ ಚೀಲ ನೋಡಿ, "ಮಗು ಶಾಲೆ ಬಿಡೋ ಹೊತ್ತಾಯ್ತಾ?" ಎಂದು ಕೇಳಿದಳು. ಇವಳು ಹೌದೆಂದು ತಲೆಯಾಡಿಸಿದಳು.

ಕಟ್ಟಡಕ್ಕೆ ಹನ್ನೊಂದು ಮಹಡಿ. ಗಂಡ ಎಂಟನೆಯದರಲ್ಲಿದ್ದ. ಕೆಳಗಿನಿಂದ ಅಂಗಾಲು ಮತ್ತು ಹಲಗೆಯ ತಳ ಮಾತ್ರ ಕಾಣುತ್ತಿತ್ತು, ಜೊತೆಗೆ ಗಾಜಿನ ಮೇಲೆ ಅಡ್ಡಡ್ಡ ಆಡುವ ಒಂದು ಕೈ. ರೀ ಎಂದು ಕೂಗಲು ಅವಳ ಬಾಯಿ ತೆರೆದೇ ಬಿಟ್ಟಿತ್ತು. ಕೂಗಿದರೆ ಅವನು ತಿರುಗಿ ಬಗ್ಗಿ ನೋಡುತ್ತಾನೆ, ಬಗ್ಗಿದರೆ ಭಾರ ಪಟ್ಟಿಯ ಮೇಲೆ ಬೀಳುತ್ತದೆ. ತೆರೆದ ಬಾಯನ್ನು ಕೈಯಿಂದಲೇ ಮುಚ್ಚಿಕೊಂಡಳು.

ಹಗ್ಗದ ಬುಡದಲ್ಲಿ ಮೇಸ್ತ್ರಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ. "ಏನಕ್ಕ, ಇಲ್ಲಿವರೆಗೂ ಬಂದ್ರಿ? ಮನೆ ಕಡೆ ಏನಾದ್ರೂ…"

"ಮನೆ ಕಡೆ ಎಲ್ಲಾ ಚೆನ್ನಾಗಿದೆ. ಅವರನ್ನ ಕೆಳಗಿಳಿಸಿ. ನಾನು ಬಂದಿದೀನಿ ಅಂತ ಹೇಳ್ಬೇಡಿ."

"ಆ ಸಾಲು ಮುಗೀಲಿ ಅಕ್ಕ. ಸೋಪು ಹಚ್ಚಿ ಬಿಟ್ರೆ ಗಾಜಿನ ಮೇಲೆ ಕಲೆ ಕೂರುತ್ತೆ."

ಅವಳು ಚೀಲ ಬಿಚ್ಚಿ ಬೆಲ್ಟು ತೋರಿಸಿದಳು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. "ಅಳತೆ ಸರಿಯಿಲ್ಲ, ಬದಲಾಯಿಸೋಕೆ ಕೊಟ್ಟಿದೀನಿ ಅಂತ ಅವರು ಅಂದಿದ್ರಲ್ಲ" ಎಂದವನು ಹಗ್ಗವನ್ನು ಎರಡು ಸಲ ಜಗ್ಗಿದ. ಇಳಿ ಎಂಬುದಕ್ಕೆ ಅದು ಸನ್ನೆ.

ಏಳು. ಆರು. ಆರನೇ ಮಹಡಿಯಲ್ಲಿ ಅವನು ನಿಂತು, ಕಣ್ಣಿಗೆ ಬಿದ್ದ ಯಾವುದೋ ಕಲೆಯನ್ನು ಒರೆಸತೊಡಗಿದ. ಅವಳಿಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳು ಬಂತು. ಐದು. ನಾಲ್ಕರಲ್ಲಿ ಗಾಳಿ ಬೀಸಿ ಹಲಗೆ ಅರ್ಧ ಸುತ್ತು ತಿರುಗಿತು, ಅವಳು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಅವನ ಕಾಲು ನೆಲದಿಂದ ಒಂದು ಆಳೆತ್ತರದಲ್ಲಿತ್ತು.

"ಮಗಳಿಗೇನಾದ್ರೂ ಆಯ್ತಾ?" ಇಳಿದವನ ಮೊದಲ ಮಾತೇ ಅದು.

ಅವಳು ಅವನ ಸೊಂಟಕ್ಕೆ ಕೈಹಾಕಿ ಪಟ್ಟಿಯನ್ನು ಹಿಡಿದು ನೋಡಿದಳು. ನೀಲಿ ದಾರದ ಒಂದು ಸಾಲು ಪೂರ್ತಿ ಬಿಚ್ಚಿಹೋಗಿತ್ತು. ಇನ್ನೊಂದು ಸಾಲಿನಲ್ಲಿ, ಒಂದು ತುದಿಗೆ ಏಳು ಹೊಲಿಗೆ ಉಳಿದಿದ್ದವು. ಎರಡು ಸಲ ಎಣಿಸಿದಳು.

"ಬೆಳಿಗ್ಗೆ ಹಲಗೆ ಸ್ವಲ್ಪ ವಾಲಿತ್ತು, ಅಷ್ಟೇ" ಎಂದ ಗಂಡ ಮೆಲ್ಲಗೆ. "ಬೆಲ್ಟು ಹಿಡೀತಲ್ಲ."

"ಏಳು ಹೊಲಿಗೆ ರೀ. ಏಳೇ ಏಳು. ಬಕೆಟ್ಟಿಗೆ ಅಂತ ಹೊಲಿದಿದ್ದು. ಯಾಕೆ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ನೀನು ಹೊಲೀತಿರ್ಲಿಲ್ಲ."

"ಹೊಸದು ಮನೇಲಿ ಕೂತಿತ್ತಲ್ಲ."

ಅವನು ತಲೆ ತಗ್ಗಿಸಿದ. "ಇಪ್ಪತ್ತು ಮಹಡಿ ಕೆಲಸ ಬರುತ್ತೆ ಅಂತಿದ್ರು. ಆಗ ಹಾಕೋಣ ಅಂತ ಇಟ್ಟಿದ್ದೆ. ಇಲ್ಲೆಲ್ಲಾ ಹಾಕಿದ್ರೆ ಸುಮ್ನೆ ಹಾಳಾಗುತ್ತೆ."

"ಎಂಟನೇ ಮಹಡಿಯಿಂದ ಬಿದ್ರೆ ಜನ ಅರ್ಧ ಸಾಯ್ತಾರಾ?" ಎಂದವಳು ರಸ್ತೆಯೆಂದೂ ನೋಡದೆ ಅವನ ಒದ್ದೆ ತೋಳನ್ನು ಹಿಡಿದು ಅತ್ತುಬಿಟ್ಟಳು. ಮೇಸ್ತ್ರಿ ಕುರ್ಚಿಯನ್ನು ಸುಮ್ಮನೆ ಅತ್ತ ತಿರುಗಿಸಿಕೊಂಡು ಕೂತ. ಆ ದಿನದ ಮಟ್ಟಿಗೆ ಕೆಲಸ ಮುಗಿಯಿತು.

ಮನೆಗೆ ಬಂದಾಗ ಟೀವಿ ಇನ್ನೂ ಉರಿಯುತ್ತಿತ್ತು. ಗಂಡ ಅದರ ಮುಂದೆ ಕೂತು, ಯಾರೂ ಹೇಳದೆಯೇ ಚೀಲ ತೆರೆದು, ಮೀಸೆಯಣ್ಣನಿಗೆ ಮಾಯಾಕವಚ ತೊಡಿಸಿ ತಾಯಿತ ಕಟ್ಟಿದ. ಉಂಗುರದ ಮೇಲೆ ಒಂದು ಕ್ಷಣ ತಡೆದು, ಅದನ್ನೂ ತೊಡಿಸಿದ.

ಹೆಂಡತಿ ಹಳೆಯ ಪಟ್ಟಿಯನ್ನು ಕತ್ತರಿಸಿ ಬಿಸಾಡಲು ಕೂತಳು. ಹಾಗೇ ಬಿಟ್ಟರೆ ಈ ಮಹಾರಾಯ ಅದನ್ನೂ ಎತ್ತಿಡುತ್ತಾನೆಂದು ಅವಳಿಗೆ ಭಯ. ಮಷೀನಿನ ಮೇಲಿದ್ದ ಕತ್ತರಿ ಸವೆದು ಸವೆದು ಮೊಂಡಾಗಿತ್ತು, ಒತ್ತು ನೇಯ್ಗೆಯನ್ನು ಕಚ್ಚಿ ಕಚ್ಚಿ ಜಾರಿತು. ಅವಳ ಹೆಬ್ಬೆರಳು ಕೆಂಪಾಯಿತು. ಗಂಡ ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ, ಬೀರುವಿನಿಂದ ಡಬ್ಬ ತಂದು ಅವಳ ಮುಂದೆ ಹಿಡಿದ. ನಾಲ್ಕು ವರ್ಷದ ಹಿಂದಿನ ಕತ್ತರಿ, ಸುತ್ತಿದ ಎಣ್ಣೆ ಕಾಗದವನ್ನೂ ಬಿಚ್ಚಿರಲಿಲ್ಲ.

"ಅಯ್ಯೋ ಇದ್ಯಾಕೆ ತಂದ್ರಿ" ಎಂದಳು ಅವಳು ಥಟ್ಟನೆ. "ಇಡಿ ಒಳಗೆ, ಇಂಥದ್ದಕ್ಕೆಲ್ಲಾ ತೆಗೆದ್ರೆ ಹಾಳಾಗುತ್ತೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಗಂಡ ನಗಲಿಲ್ಲ, ಡಬ್ಬವನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಕಾಗದ ಬಿಚ್ಚಿ, ಕತ್ತರಿಯ ಕಣ್ಣಿಗೆ ಬೆರಳು ತೂರಿಸಿ, ಏಳು ಹೊಲಿಗೆ ಉಳಿದಿದ್ದ ಕಡೆಯಿಂದಲೇ ಕತ್ತರಿಸಲು ಶುರುಮಾಡಿದಳು.