ಮೂಕ ಹರಾಜು

ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಅಳಿಸು ಎಂದ. ಖಚಿತವೇ ಎಂದು ಮತ್ತೆ ಕೇಳಿತು. ಅವನಿಗೆ ರೇಗಿತು. ತನ್ನ ಮನೆಯಲ್ಲಿ, ತನ್ನದೇ ಮೇಜಿನ ಮೇಲೆ ಕೂತ ವಸ್ತು ತನಗೇ ಅಡ್ಡಪ್ರಶ್ನೆ ಹಾಕುವುದೆಂದರೇನು? ಖಚಿತ ಎಂದು ಒತ್ತಿದ.

ಕಾಲೇಜಿನಲ್ಲಿ ಭಾಷೆ ಪಾಠ ಹೇಳುವ ಉಪನ್ಯಾಸಕ ಅವನು. ಉತ್ತರಪತ್ರಿಕೆಯಲ್ಲಿ ತನಗೆ ಅರ್ಥವಾಗದ ಸಾಲು ಕಂಡರೆ ಕೆಂಪು ಗೀಟೆಳೆದು ಮುಂದಕ್ಕೆ ಹೋಗುವುದು ಹಳೆಯ ರೂಢಿ. ಬರೆದವನಿಗೆ ಏನಾದರೂ ಅರ್ಥ ಹೊಳೆದಿದ್ದೀತೇ ಎಂದು ನಿಂತು ನೋಡಿದವನಲ್ಲ. ಹೊಸ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇಣುಕಿದರೆ ಅಂಥವೇ ಸಾಲುಸಾಲು. ಅಕ್ಷರ, ಅಂಕಿ, ಅಡಿಗೆರೆ ಕಲಸಿಟ್ಟ ತಲೆಬುಡವಿಲ್ಲದ ಹೆಸರುಗಳು. ತಾನು ತಂದಿಟ್ಟವಲ್ಲ, ಕರೆದವಲ್ಲ. ಮನೆ ಕೊಂಡ ಮೇಲೂ ಹಳೆಯ ಬಾಡಿಗೆಯವರು ಕೋಣೆ ಕೋಣೆಯಲ್ಲಿ ಮುಸುಕೆಳೆದು ಮಲಗಿದ್ದ ಹಾಗೆ. ಒಬ್ಬೊಬ್ಬರನ್ನೇ ಎಬ್ಬಿಸಿ ಹೊರಗೆ ಹಾಕಿದ. ಕಸದ ಬುಟ್ಟಿಯನ್ನೂ ಬರಿದು ಮಾಡಿದ. ಯಂತ್ರ ಆರಿಸಿ ಮತ್ತೆ ಹಚ್ಚಿದ. ಹತ್ತಿಕೊಂಡಿತು. ಸ್ನಾನ ಮಾಡಿದಷ್ಟು ಹಿತವಾಯಿತು.

ಅಣ್ಣ ಬರುವುದರೊಳಗೆ ಎಲ್ಲ ಒಪ್ಪವಾಗಿರಬೇಕಿತ್ತು.

ಅಣ್ಣ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಓದು ಅರ್ಧಕ್ಕೆ ಬಿಟ್ಟವನಿಗೆ ಗಂಟಲೇ ಬಂಡವಾಳ. ಆ ಗಂಟಲಿನ ದುಡಿಮೆಯಲ್ಲೇ ತಮ್ಮ ಉಪನ್ಯಾಸಕನಾದದ್ದು. ಗೆಳೆಯರೆದುರು ಮಾತ್ರ ತಮ್ಮ ಯಾವತ್ತೂ ‘ಅಣ್ಣ ವ್ಯಾಪಾರದಲ್ಲಿದ್ದಾನೆ’ ಎನ್ನುತ್ತಿದ್ದ. ಆಮೇಲೆ ಗಂಟಲಿನಲ್ಲಿ ಗೆಡ್ಡೆ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಪರೇಷನ್ನಿಗೆ ಮುಂಚಿನ ಕೊನೆಯ ಹರಾಜನ್ನು ವ್ಯಾಪಾರಿಗಳು ವಿಡಿಯೊ ಮಾಡಿಸಿ ಒಂದು ಸಿಡಿ ಕೊಟ್ಟಿದ್ದರು. ಅಣ್ಣನ ಮನೆಯ ಪ್ಲೇಯರ್ ಕೆಟ್ಟು ಮೂಲೆ ಸೇರಿತ್ತು. ಮೊಮ್ಮಗಳು ಹುಟ್ಟಿದ್ದು ಆಪರೇಷನ್ ಆದ ಮೇಲೆ. ಅವಳಿಗೊಮ್ಮೆ ತನ್ನ ದನಿ ಕೇಳಿಸಬೇಕು ಎಂಬುದು ಅಣ್ಣನ ಆಸೆ. ಅದಕ್ಕೇನಂತೆ, ನನ್ನ ಹೊಸ ಲ್ಯಾಪ್‌ಟಾಪ್ ಇದೆಯಲ್ಲ, ಭಾನುವಾರ ಬನ್ನಿ ಎಂದು ತಮ್ಮ ಫೋನಿನಲ್ಲಿ ಧಾರಾಳವಾಗಿ ಹೇಳಿದ್ದ. ಅದರಲ್ಲಿ ಸಿಡಿ ತೂರಿಸುವ ಜಾಗವೇ ಇಲ್ಲವೆಂದು ಆಮೇಲೆ ತಿಳಿದು, ಹೊರಗಿನಿಂದ ಸಿಕ್ಕಿಸುವ ಡ್ರೈವ್ ಒಂದನ್ನು ಕೊಂಡುತಂದಿದ್ದ.

ಪರೀಕ್ಷೆಗೆಂದು ಬೆಳಿಗ್ಗೆ, ಅಳಿಸುವ ಕೆಲಸಕ್ಕೆ ಕೈಹಾಕುವ ಮುಂಚೆ, ಯಾವುದೋ ವಿಚಾರಸಂಕಿರಣದ ಸಿಡಿ ಹಾಕಿದ್ದ. ಅವನದೇ ಭಾಷಣ. ಗಣಗಣ ಕೇಳಿಸಿತ್ತು. ನಿಲ್ಲಿಸಲು ಮನಸ್ಸು ಬಾರದೆ ಕೊನೆತನಕ ಕೂತಿದ್ದ.

ಬಂದರು. ಕುತ್ತಿಗೆಗೆ ತೆಳುಬಟ್ಟೆ ಸುತ್ತಿಕೊಂಡ ಅಣ್ಣ, ಅತ್ತಿಗೆ, ನಡುವೆ ಮೊಮ್ಮಗಳು ಪುಟ್ಟಿ. ಅಣ್ಣ ತುಟಿ ಆಡಿಸಿದ. ಅತ್ತಿಗೆ ಅದನ್ನು ಜೋರಾಗಿ ಹೇಳಿದಳು. ಅವಳು ಈಗ ಅವನ ಗಂಟಲು. ಆದರೆ ಸ್ವಂತದ್ದನ್ನೂ ಸೇರಿಸುತ್ತಿದ್ದಳೆಂಬ ಗುಮಾನಿ ಇತ್ತು.

“ಮೇಷ್ಟ್ರ ಮನೆ ಏನು ಚೊಕ್ಕಟ ಅಂತಿದ್ದಾರೆ. ಕಾಲಿಡೋಕೇ ಹೆದರಿಕೆಯಂತೆ.”

ಅಣ್ಣ ಅಂಗಿಯ ಒಳಜೇಬಿನಿಂದ ಸಿಡಿ ತೆಗೆದ. ಎರಡು ಕವರು, ಅದರೊಳಗೆ ಮೆತ್ತನೆ ಬಟ್ಟೆ. ಸೋಫಾದ ತುದಿಯಲ್ಲಿ ಕೂತು, ಕ್ಷೌರ ಮಾಡಿಸಿಕೊಂಡ ಕೆನ್ನೆ ಸವರಿಕೊಂಡ. ಹೆಣ್ಣು ನೋಡಲು ಬಂದ ಗಂಡಿನ ಹಾಗಿದ್ದ.

ಡ್ರೈವ್ ಗುರ್ರೆಂದಿತು. ಚಿತ್ರ ಬಂತು. ಮೂಟೆಗಳ ರಾಶಿ, ಗಿಜಿಗುಡುವ ಜನ, ಎತ್ತರದ ಕಟ್ಟೆಯ ಮೇಲೆ ದಪ್ಪ ಮೀಸೆಯ ಅಣ್ಣ. ಕೈ ಎತ್ತಿದ. ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು.

ಸದ್ದಿಲ್ಲ.

ತಮ್ಮ ಸೌಂಡು ಏರಿಸಿದ. ಇನ್ನೂ ಏರಿಸಿದ. ಆಗ ಮೂಲೆಯ ಸ್ಪೀಕರ್ ಗುರುತಿನ ಮೇಲೆ ಪುಟ್ಟ ಕೆಂಪು ಗೀಟುಗಳೆರಡು ಅಡ್ಡಡ್ಡ ಬಿದ್ದಿರುವುದು ಕಂಡಿತು. ಬೆಳಿಗ್ಗೆ ಅದು ಇರಲಿಲ್ಲ. ಅಳಿಸಿ ಹೊರಗೆ ಹಾಕಿದವರಲ್ಲಿ ದನಿಯ ಬಾಡಿಗೆದಾರನೂ ಒಬ್ಬನಿದ್ದ.

ಪರದೆಯ ಮೇಲೆ ಅಣ್ಣ ಕೂಗುತ್ತಲೇ ಇದ್ದ. ಜನ ಬೆರಳೆತ್ತುತ್ತಿದ್ದರು. ಸೋಫಾದ ಮೇಲಿನ ಅಣ್ಣನ ತುಟಿಗಳೂ ಅದೇ ಲಯಕ್ಕೆ ಆಡತೊಡಗಿದವು. ಇಬ್ಬರೂ ಮೂಕರು.

ಪುಟ್ಟಿ ಪರದೆ ನೋಡಿದಳು, ತಾತನನ್ನು ನೋಡಿದಳು.

“ಆಗಲೂ ತಾತಂಗೆ ಮಾತು ಬರ್ತಿರಲಿಲ್ವಾ ಅಜ್ಜಿ?”

ಅಣ್ಣ ತಮ್ಮನ ಕಡೆ ತಿರುಗಿದ. ಆ ನೋಟದಲ್ಲಿ ಆಪಾದನೆ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಇದ್ದದ್ದು ನಂಬಿಕೆ. ಓದಿದ ತಮ್ಮ ಏನಾದರೂ ಮಾಡುತ್ತಾನೆ.

ನಾನೇ ಕೆಡಿಸಿದೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಓದಿದವರಿಗೆ ಒಂದು ರೋಗವಿರುತ್ತದೆ. ಗೊತ್ತಿರಲಿಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ, ಸುಳ್ಳಿಗೆ ಮಾತ್ರ ನೀಟಾಗಿ ಹೊರಳುತ್ತದೆ.

“ಸಿಡಿ ಹಾಳಾಗಿದೆ ಅಣ್ಣ. ಹಳೇದಾದ್ರೆ ಹೀಗೇ. ಮೊದಲು ದನಿ ಹೋಗುತ್ತೆ, ಆಮೇಲೆ ಚಿತ್ರ.”

ಪಾಠ ಹೇಳುವ ಧಾಟಿಯಲ್ಲೇ ಹೇಳಿದ. ತನ್ನ ಕಿವಿಗೇ ಅದು ನಿಜವೆನಿಸಿತು.

ಹೊರಗೆ ಎಲ್ಲಾದರೂ ಅಂಗಡಿಯಲ್ಲಿ ಹಾಕಿಸಿ ನೋಡಿದರಾಗದೇ ಎಂದು ಅತ್ತಿಗೆ ಮೆಲ್ಲಗೆ ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ.

“ಎಲ್ಲಿ ಹಾಕಿದ್ರೂ ಅಷ್ಟೇ ಅತ್ತಿಗೆ. ಸುಮ್ನೆ ಓಡಾಟ.”

ಅಣ್ಣ ಮೊದಲು ತನ್ನ ಕುತ್ತಿಗೆಯ ಬಟ್ಟೆ ಮುಟ್ಟಿ, ಡ್ರೈವಿನತ್ತ ಬೆರಳು ತೋರಿಸಿ, ಏನೋ ಹೇಳಿ, ಭುಜ ಕುಲುಕಿಸಿ ನಕ್ಕ. ಅತ್ತಿಗೆ ನಗಲಿಲ್ಲ.

“ಇಬ್ಬರದೂ ಒಂದೇ ಕಾಯಿಲೆ ಅಂತಿದ್ದಾರೆ.”

ಪುಟ್ಟಿಯೊಬ್ಬಳೇ ನಕ್ಕಳು.

ಕಾಫಿ ಮಾಡಿಕೊಟ್ಟ. ಅತ್ತಿಗೆ ಮಗಳ ಮನೆಯ ಸಮಾಚಾರ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಒಳಗೆ ವಾಕ್ಯವೊಂದು ಸಿದ್ಧವಾಗಿತ್ತು, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸರಿಯಾಗಿದ್ದ ವಾಕ್ಯ. ತಪ್ಪಿಲ್ಲದ ಆ ವಾಕ್ಯ ಗಂಟಲಿಗೆ ಬಂದು ಬಂದು ಹಿಂದಕ್ಕೆ ಇಳಿಯುತ್ತಿತ್ತು.

ಅಷ್ಟರಲ್ಲಿ ಅಣ್ಣ ಬಾಲ್ಕನಿಯಲ್ಲಿದ್ದ. ಕಟಕಟೆಯ ತುಂಬ ಪಾರಿವಾಳಗಳ ಹಿಕ್ಕೆ ನೋಡಿ ತಲೆಯಾಡಿಸಿದ. ಒಳಗೆ ಬಂದು ಡ್ರೈವಿನಿಂದ ಸಿಡಿ ತೆಗೆದ. ಬಟ್ಟೆ ಒಣಹಾಕುವ ಹಗ್ಗದ ತುಂಡೊಂದನ್ನು ಅದರ ತೂತಿಗೆ ಪೋಣಿಸಿದ. ಮೂಟೆಗೆ ಹಾಕುವ ಗಂಟು ಹಾಕಿ ಮೇಲಿನ ಕಂಬಿಯಿಂದ ಇಳಿಬಿಟ್ಟ.

“ಬೆಳಕು ಹೊಡೆದ್ರೆ ಹಕ್ಕಿ ಹತ್ರ ಬರಲ್ಲ, ಇರಲಿ ಅಂತಿದ್ದಾರೆ,” ಎಂದಳು ಅತ್ತಿಗೆ. ಆಮೇಲೆ, ಯಾರ ಮಾತೋ ತಿಳಿಯದ ಹಾಗೆ, “ಇಷ್ಟಕ್ಕಾದ್ರೂ ಆಯ್ತಲ್ಲ,” ಎಂದಳು.

ಬೇಡ ಅಣ್ಣ ಎಂದ ಅವನು. ಬೇಡ ಏಕೆ ಎಂದು ಅಣ್ಣನ ಹುಬ್ಬು ಕೇಳಿತು. ಸುಮ್ಮನೆ ಎಂದ.

ಹೊರಡುವಾಗ ಅಣ್ಣ ಬೆನ್ನು ತಟ್ಟಿದ, ಪರೀಕ್ಷೆಯಲ್ಲಿ ಪಾಸಾದಾಗ ತಟ್ಟುತ್ತಿದ್ದ ಹಾಗೆ.

ಬಾಗಿಲು ಹಾಕಿಕೊಂಡು ತಮ್ಮ ಬಾಲ್ಕನಿಗೆ ಓಡಿದ. ಕೆಳಗೆ ಮೂವರೂ ಗೇಟು ದಾಟುತ್ತಿದ್ದರು. ಪುಟ್ಟಿ ತಾತನನ್ನು ಏನೋ ಕೇಳುತ್ತಿದ್ದಳು. ತಾತ ಬಗ್ಗಿ ತುಟಿ ಆಡಿಸುತ್ತಿದ್ದ. ಅವಳು ತಿಳಿಯದೆ ಅಜ್ಜಿಯತ್ತ ತಿರುಗುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ.

ಬಿಸಿಲಿಗೆ ಸಿಡಿ ತಿರುಗುತ್ತಿತ್ತು. ಕಂಬಿಯಲ್ಲಿ ಪಾರಿವಾಳಗಳು ಅದರ ಪರಿವೆಯಿಲ್ಲದೆ ಕೂತಿದ್ದವು. ಅವನು ಕಂಬಿ ಹಿಡಿದು ಮುಂದಕ್ಕೆ ಬಾಗಿದ. ಬಾಯಿ ತೆರೆದ.

ಹೊಳೆಯುವ ಸಿಡಿಯೊಳಗೆ ಬಾಯಿ ತೆರೆದ ಮುಖವೊಂದು ಬಂತು, ಗಂಟಲಿರಬೇಕಾದ ಕಡೆ ದುಂಡನೆಯ ತೂತು. ಹೋಯಿತು. ಮತ್ತೆ ಬಂತು. ಪಾರಿವಾಳಗಳು ದನಿಗೆ ಒಮ್ಮೆಲೇ ಬೆದರಿ ಹಾರಿಹೋದವು.